ಬೇರಿಂಗ್ ಬರುವವರೆಗೆ

ಜನವರಿ 8, ಬುಧವಾರ. ಮಧ್ಯಾಹ್ನ 12.10

ನಾಳೆಗೆ ಬಿಡ್ ಇಲ್ಲ. ಸೊನ್ನೆ. ಇಪ್ಪತ್ತನಾಲ್ಕು ಗಂಟೆಗೂ ಇಪ್ಪತ್ತನಾಲ್ಕು ಸೊನ್ನೆ ತುಂಬಿ ಕಳಿಸಿದೆ.

ಬೆಳಿಗ್ಗೆ ಎಲ್ಲ ಸರಿಯಾಗಿತ್ತು. ಬಾಯ್ಲರಿಗೆ ಹಾಕುವ ಗೋಧಿ ಹುಲ್ಲು ಆರು ಲಾರಿ ಇಳಿಯಿತು. ತೇವ ನೋಡಿದೆ. ನೂರಕ್ಕೆ ಹದಿಮೂರು. ಭಲೆ ಹುಲ್ಲು! ಹೊರಗೆ ಮೈನಸ್ ಐದು, ಒಳಗೆ ಟರ್ಬೈನು ಮದವೇರಿದ ಆನೆಯ ಹಾಗೆ ಘೀಳಿಡುತ್ತಿತ್ತು. ಹತ್ತೂವರೆಗೆ ಕಾಫಿ, ರೈ ಬ್ರೆಡ್ಡು. ಹನ್ನೊಂದಕ್ಕೆ ನಾಳೆಯ ಬಿಡ್ ಬರೆಯಲು ಕೂತೆ, ಯಾವ ಗಂಟೆಗೆ ಎಷ್ಟು ಕರೆಂಟು, ಯಾವ ಬೆಲೆಗೆ ಮಾರುತ್ತೇವೆ ಅಂತ. ಹನ್ನೆರಡಕ್ಕೆ ಕರೆಂಟಿನ ಸಂತೆಯ ಬಾಗಿಲು ಮುಚ್ಚುತ್ತದಲ್ಲ.

ಆಗ ಫೋನು. ಕೋಪನ್‌ಹೇಗನ್‌ನಿಂದ ಸಿಸೆಲ್. ಕಂಪನಿಯ ಐದು ಸ್ಥಾವರಗಳ ಕರೆಂಟು ಮಾರುವವಳು. ವಯಸ್ಸು ಮೂವತ್ತನಾಲ್ಕು, ದನಿ ಜೇನು.

“ಆಸ್ಗರ್, ನಾಳೆಯಿಂದ ನಿಮ್ಮ ರೇವ್‌ಬೆಕ್ ಸ್ಥಾವರ ಓಡೋದು ಬೇಡ. ಬಿಡ್ ಹಾಕ್ಬೇಡಿ.”

“ಯಾಕೆ? ಚಳಿ ಏರ್ತಿದೆ. ಕರೆಂಟು ಬೇಕಾಗೋದೇ ಈಗ.”

“ಅದಕ್ಕೇ.”

ಆಹಾ! ಏನು ಉತ್ತರ. ಒಂದೇ ಪದ.

“ಕಾರಣ ಏನಂತ ಬರೀಲಿ?”

“ನವೆಂಬರ್‌ನಲ್ಲಿ ನೀವೇ ಬರೆದಿದ್ರಲ್ಲ, ಎರಡನೇ ಬೇರಿಂಗ್ ನಡುಗ್ತಿದೆ ಅಂತ. ಅದನ್ನೇ ಹಾಕಿ. ರಿಪೇರಿ, ಇಪ್ಪತ್ತನಾಲ್ಕನೇ ತಾರೀಕಿನವರೆಗೆ.”

“ಕೂದಲೆಳೆಯಷ್ಟು ನಡುಗಿತ್ತು, ಸಿಸೆಲ್. ಬೋಲ್ಟ್ ಬಿಗಿ ಮಾಡಿದೆ, ನಿಂತ್ಹೋಯ್ತು.”

“ಬಿಗಿ ಮಾಡಿದ್ದನ್ನ ವರದೀಲಿ ಬರೆದಿಲ್ವಲ್ಲ.”

ಬರೆದಿಲ್ಲ. ಹೌದು. ಬರೆಯುವಂಥದ್ದು ಏನಿತ್ತು ಅದರಲ್ಲಿ…

ಜನವರಿ 9, ಗುರುವಾರ

ಆನೆ ಮಲಗಿತು. ಮೂವತ್ತೊಂದು ವರ್ಷ ಈ ಸದ್ದಿನ ಒಳಗೆ ಬದುಕಿದವನು ನಾನು. ಇವತ್ತು ನನ್ನ ಬೂಟಿನ ಸದ್ದು ನನಗೇ ಕೇಳಿಸಿತು. 

ಬರೆದು ನೋಡುತ್ತೇನೆ, ನನಗಾದರೂ ಅರ್ಥವಾಗಲಿ. ಒಂದೇ ಬೆಂಕಿ. ಹುಲ್ಲಿನ ಬೆಂಕಿ. ಅದರಿಂದ ಕರೆಂಟೂ ಹುಟ್ಟಬೇಕು, ಊರಿನ ಮನೆ ಕಾಯಿಸುವ ಬಿಸಿನೀರೂ ಹುಟ್ಟಬೇಕು. ಅವಳಿ ಮಕ್ಕಳು. ಬೆಂಕಿ ನಂದಿಸಿದರೆ ಎರಡೂ ಇಲ್ಲ. ಕಂಪನಿ ಇವತ್ತು ಇಂಥ ಮೂರು ಊರಿನ ಬೆಂಕಿ ನಂದಿಸಿದೆ. ಸಂತೆಯಲ್ಲಿ ಕರೆಂಟು ಕಡಿಮೆಯಾಯಿತು, ಸಂಜೆ ಐದರ ಬೆಲೆ ನಾಲ್ಕು ಪಟ್ಟು ಹಾರಿತು. ಸಮುದ್ರದ ಕಡೆಯ ಎರಡು ದೊಡ್ಡ ಸ್ಥಾವರ ಓಡುತ್ತಿವೆಯಲ್ಲ, ಅವೂ ಕಂಪನಿಯವೇ! ಮೂರರಲ್ಲಿ ಬಿಟ್ಟದ್ದನ್ನು ಎರಡರಲ್ಲಿ ಬಾಚಿಕೊಂಡರು. ಏನು ಲೆಕ್ಕಾಚಾರ, ಏನು ಚಾತುರ್ಯ!

ಊರಿನ ಬಿಸಿನೀರು? ನಿಲ್ಲುವ ಹಾಗಿಲ್ಲ. ಹಳೆಯ ಗ್ಯಾಸ್ ಬಾಯ್ಲರ್ ಹಚ್ಚಿದೆ. ಹುಲ್ಲಿಗಿಂತ ಮೂರು ಪಟ್ಟು ದುಬಾರಿ ಬೆಂಕಿ. ಬಿಸಿನೀರಿಗೆ ತಗಲಿದ ಖರ್ಚನ್ನೆಲ್ಲ ಊರಿನಿಂದ ವಸೂಲು ಮಾಡಬಹುದು, ಕಾನೂನೇ ಇದೆ. ಊರು ಬೇರೆ ಎಲ್ಲಿಗೆ ಹೋದೀತು? ಮನೆಮನೆಗೂ ಒಂದೇ ಕೊಳವೆ. ಕೊಳವೆಯ ಆ ತುದಿಯಲ್ಲಿ ಕಂಪನಿ.

ಸೂಚನೆ ಪ್ರಕಟವಾಯಿತು. ಎಲ್ಲರೂ ನೋಡಬಹುದಾದ ಪುಟ. “ರೇವ್‌ಬೆಕ್ ಸ್ಥಾವರ. ಬೇರಿಂಗ್ ದೋಷ. ಮುಗಿಯುವ ದಿನ: ಜನವರಿ 24.” ಕೆಳಗೆ ಹೆಸರು, ನನ್ನದು.

ಜನವರಿ 12, ಭಾನುವಾರ

ಗೆಳೆಯ ಟೋರ್ಕಿಲ್ ಹೂಗಿಡ ಬೆಳೆಸುವ ಗಾಜಿನ ಮನೆಗಳಲ್ಲಿ ಕಾಫಿ. ಭಾನುವಾರದ ಪದ್ಧತಿ. ಹೊರಗೆ ಹಿಮ, ಒಳಗೆ ಹದಿನೆಂಟು ಡಿಗ್ರಿ. ಮೂರು ಮನೆ, ಹನ್ನೊಂದು ಸಾವಿರ ಕುಂಡ. ಎಲ್ಲ ಹೈಡ್ರೇಂಜಿಯಾ ಹೂವು, ಈಸ್ಟರ್‌ಗೂ ಅಮ್ಮಂದಿರ ದಿನಕ್ಕೂ ಮಾರಲು. ಈಗ ಬರೀ ಎಲೆ. ಮೊಗ್ಗು ಒಳಗೆ ಮಲಗಿದೆ.

ಅವನ ಬಾಯಿ ಎಂದಿನಂತೆಯೇ. “ಹೆಂಡ್ತಿ ಬಿಟ್ಟೋದ್ಲು ಕಣೋ, ಈ ಗಿಡಗಳು ಬಿಟ್ಟೋಗ್ಲಿಲ್ಲ. ಪ್ರೀತಿ ಅಂದ್ಕೋಬೇಡ. ಕುಂಡದಲ್ಲಿ ಬೇರು ಸಿಕ್ಕಾಕ್ಕೊಂಡಿದ್ಯಲ್ಲ, ಎಲ್ಲಿಗೆ ಹೋಗ್ತಾವೆ!”

ನಕ್ಕೆ. ಆಮೇಲೆ ಅವನೇ ಎತ್ತಿದ. “ಚಿಮಣೀಲಿ ಹೊಗೆ ಕಾಣ್ತಿಲ್ಲ?”

“ಬೇರಿಂಗ್.”

“ನಮ್ಮದಾಗಿದ್ರೆ ಒಂದು ದಿನದಲ್ಲಿ ಸರಿ ಮಾಡ್ತಿದ್ವಿ” ಎಂದ. ಚುಚ್ಚಲಿಕ್ಕೆ ಹೇಳಿದ್ದಲ್ಲ. ಆದರೂ ಚುಚ್ಚಿತು.

ಮೂರು ವರ್ಷದ ಹಿಂದೆ ಸ್ಥಾವರ ಊರಿನದೇ. ಸಹಕಾರ ಸಂಘದ್ದು. ಸಂಘದ ಅಧ್ಯಕ್ಷ ಟೋರ್ಕಿಲ್. ಕಂಪನಿಗೆ ಮಾರುವುದೋ ಬೇಡವೋ ಎಂದು ಊರಿನ ಸಭಾಮನೆಯಲ್ಲಿ ಮಹಾಸಭೆ. ಅವನು ಎದ್ದು ಬೇಡವೆಂದ. ನಾನು ಎದ್ದೆ. ಮಾರೋಣವೆಂದು ಎದೆಯುಬ್ಬಿಸಿ ಗುಡುಗಿದೆ: “ಕೊಳವೆ ನಮ್ಮದು, ಬೆಂಕಿ ಅವರದು. ಬೆಂಕಿಗೆ ಮೋಸ ಗೊತ್ತೇನ್ರಯ್ಯಾ?” ಚಪ್ಪಾಳೆ! ಇನ್ನೂರ ಹನ್ನೊಂದು ಕೈ ನನ್ನ ಕಡೆ ಎದ್ದವು, ತೊಂಬತ್ತನಾಲ್ಕು ಅವನ ಕಡೆ. ಸಭೆ ಮುಗಿದ ಮೇಲೆ ಅವನೇ ಬಂದು ನನ್ನ ಕೋಟಿನ ಗುಂಡಿ ಹಾಕಿಕೊಟ್ಟ. “ಹೊರಗೆ ಗಾಳಿ ಇದೆ” ಎಂದ. ಅಷ್ಟೇ.

ಜನವರಿ 14, ಮಂಗಳವಾರ

ಮನೆಮನೆಗೂ ಪತ್ರ. “ಯಂತ್ರದ ದೋಷದ ಕಾರಣ ತುರ್ತು ದರ.” ಡೋರ್ಟೆ ಓದಿ ಮೇಜಿನ ಮೇಲಿಟ್ಟಳು.  ಹೆಂಡತಿ ಏನೂ ಕೇಳದಿದ್ದಾಗಲೇ ನನಗೆ ಭಯ.

ಸಂಜೆ ಸಭಾಮನೆಯಲ್ಲಿ ನಾಟಕದ ತಾಲೀಮು. ಈ ವರ್ಷದ ಪ್ರಹಸನದಲ್ಲಿ ಟೋರ್ಕಿಲ್ ಜಿಪುಣ ಜಮೀನ್ದಾರ, ನಾನು ಅವನ ಆಳು. ಮೊದಲ ಅಂಕ ಮುಗಿದು ಬಿಡುವು. ಅವನು ನನ್ನ ತೋಳು ಹಿಡಿದು ಪರದೆಯ ಹಿಂದೆ ಎಳೆದ. ಮೀಸೆ ಇನ್ನೂ ಅಂಟಿಸಿಕೊಂಡೇ ಇದ್ದ. ಕಣ್ಣು ಮಾತ್ರ ಜಮೀನ್ದಾರನದಲ್ಲ.

“ಆಸ್ಗರ್, ಈ ದರದಲ್ಲಿ ನಂಗೆ ಎರಡು ವಾರ ಉಸಿರಿದೆ. ಮೂರನೇ ವಾರ ಇಲ್ಲ. ಓಡೆನ್ಸೆಯ ಸಗಟು ವ್ಯಾಪಾರಿ ಶುಕ್ರವಾರ ಲಾರಿ ಕಳಿಸ್ತೀನಿ ಅಂದಿದ್ದಾನೆ. ಗಿಡ ಹೇಗಿವೆಯೋ ಹಾಗೇ ಒಯ್ತಾನೆ, ಅರ್ಧ ಬೆಲೆಗೆ. ಕೊಟ್ಟುಬಿಟ್ರೆ ತೋಟ ಉಳಿಯುತ್ತೆ, ಮುಂದಿನ ವರ್ಷ ಮತ್ತೆ ಬೆಳೀಬೋದು. ಕೊಡದೆ ಇಟ್ಕೊಂಡು, ಯಂತ್ರ ಬೇಗ ಎದ್ರೆ ಎಲ್ಲಾ ಉಳಿಯುತ್ತೆ. ಎದ್ದಿಲ್ಲಾಂದ್ರೆ ಎಲ್ಲಾ ಹೋಗುತ್ತೆ. ನೀನು ಹೇಳು. ಯಾವಾಗ ಏಳುತ್ತೆ?”

 ನನಗೆ ಗೊತ್ತಿತ್ತು: ಯಂತ್ರ ಕೆಟ್ಟಿಲ್ಲ. ಚಳಿ ಇಳಿಯುವವರೆಗೆ ಅದನ್ನು ಏಳಿಸುವುದೂ ಇಲ್ಲ. ಹವಾಮಾನದವರು ಮೂರು ವಾರ ಚಳಿ ಎನ್ನುತ್ತಿದ್ದಾರೆ. ಆದರೆ ಸಹಿ ಮಾಡಿಕೊಟ್ಟಿದ್ದೇನೆ. ಸ್ಥಾವರದ ಒಳಗಿನ ಸುದ್ದಿ ಸೂಚನೆಯಲ್ಲಿ ಬಂದಷ್ಟೇ ಬಾಯಲ್ಲಿ ಬರಬೇಕು. ಹೆಂಡತಿಗೂ ಹೇಳಬಾರದು. ಮೊದಲೇ ತಿಳಿದವನು ಸಂತೆಯಲ್ಲಿ ಲಾಭ ಮಾಡಬಾರದು ಅಂತ ಆ ಕಾನೂನು. ನ್ಯಾಯವಾದ ಕಾನೂನು! ನಾನೇ ಮೆಚ್ಚಿದ್ದು. ಹೊಸಬರಿಗೆ ನಾನೇ ಪಾಠ ಹೇಳಿದ್ದು.

“ಬೇರಿಂಗ್ ಬರ್ಬೇಕು” ಎಂದೆ. “ಇಪ್ಪತ್ತನಾಲ್ಕಕ್ಕೆ ಮುಗಿಯುತ್ತೆ.”

ಅಕ್ಷರ ಅಕ್ಷರ ಸೂಚನೆಯಲ್ಲಿದ್ದದ್ದು.

“ಹತ್ತು ದಿನ!” ನನ್ನ ಬೆನ್ನಿಗೆ ಒಂದು ಗುದ್ದು. “ಹತ್ತು ದಿನ ತಡ್ಕೋತೀನಿ ಬಿಡು. ಎಲ್ಲಿಂದ ಬರುತ್ತೆ, ಜರ್ಮನಿಯಿಂದಾನಾ?”

ಹೂಂ ಎಂದೆ. ಅದು ಸೂಚನೆಯಲ್ಲಿ ಇರಲಿಲ್ಲ. ಆ ಹೂಂ ನನ್ನದೇ.

ಎರಡನೇ ಅಂಕ ಅವನು ಅಮೋಘವಾಗಿ ಮಾಡಿದ.

ಜನವರಿ 17, ಶುಕ್ರವಾರ

ಓಡೆನ್ಸೆಯ ಲಾರಿ ಬಂದು ಖಾಲಿ ಹೋಯಿತು. ಸ್ಥಾವರದ ಕಿಟಕಿಯಿಂದ ಕಂಡೆ. ಟೋರ್ಕಿಲ್ ರಸ್ತೆಗೆ ಬಂದು ಚಾಲಕನಿಗೆ ಕೈ ಬೀಸಿದ. ಆಮೇಲೆ ಈ ಕಡೆಗೂ ಬೀಸಿದ.

ನಾನೂ ಬೀಸಿದೆ.

ಜನವರಿ 23, ಗುರುವಾರ. ಬೆಳಿಗ್ಗೆ 11.40

ಫೋನಿನಲ್ಲಿ ಸಿಸೆಲ್. ಹಿಂದೆ ಮಗುವಿನ ಅಳು. ಅದಕ್ಕೆ ಜ್ವರವಂತೆ, ಮನೆಯಿಂದಲೇ ಕೆಲಸ.

“ಫೆಬ್ರುವರಿ ಹತ್ತಕ್ಕೆ ಮುಂದೂಡಿ, ಆಸ್ಗರ್.”

“ಇಲ್ಲಿ ಜನ ಇದ್ದಾರೆ, ಸಿಸೆಲ್.”

“ಯಾರ ಮನೆಯಾದ್ರೂ ತಣ್ಣಗಾಗಿದ್ಯಾ?”

“ಇಲ್ಲ.”

“ಒಬ್ಬರದ್ದಾದ್ರೂ ರೇಡಿಯೇಟರ್ ನಿಂತಿದ್ಯಾ?”

“ಇಲ್ಲ. ಆದ್ರೆ ದರ—”

“ದರಕ್ಕೆ ಬೇರೆ ವಿಭಾಗ ಇದೆ. ನಾನು ಕರೆಂಟು ಮಾತ್ರ ನೋಡೋದು.” ಮಗುವಿಗೆ ಏನೋ ಪಿಸುಗುಟ್ಟಿದಳು. ಮತ್ತೆ ನನಗೆ: “ನಿಮಗೆ ನಿವೃತ್ತಿಗೆ ಇನ್ನೆಷ್ಟು? ನಾಲ್ಕು ವರ್ಷ ಅಲ್ವಾ?”

ಬೆದರಿಕೆಯೋ, ಕುಶಲವೋ? ದನಿ ಅದೇ ಜೇನು.

“ಮುಗಿಯುವ ದಿನ: ಫೆಬ್ರುವರಿ 10.” ಟೈಪ್ ಮಾಡಿದ ಬೆರಳು ಯಾರದು? ಈ ಹತ್ತರಲ್ಲೇ ಯಾವುದೋ ಒಂದು.

ಜನವರಿ 24, ಶುಕ್ರವಾರ

ಟೋರ್ಕಿಲ್ ಮನೆಯ ತನಕ ಹೋದೆ. ಗೇಟಿನ ಮುಂದೆ ಕಾರು ನಿಲ್ಲಿಸಿದೆ. ಒಳಗೆ ಏಣಿ ಹತ್ತಿ ಗಾಜಿನ ಸಂದಿಗೆ ಪ್ಲಾಸ್ಟಿಕ್ ತುರುಕುತ್ತಿದ್ದ.

ಹಿಂದಕ್ಕೆ ತಿರುಗಿಸಿಕೊಂಡು ಬಂದೆ.

ಜನವರಿ 26, ಭಾನುವಾರ

ಇಡೀ ದಿನ ಟೋರ್ಕಿಲ್ ಜೊತೆ ಕುಂಡ ಹೊತ್ತೆ. ಎರಡನೇ ಮತ್ತು ಮೂರನೇ ಗಾಜಿನ ಮನೆ ಮುಚ್ಚಿ, ಆದಷ್ಟು ಗಿಡ ಮೊದಲನೇದಕ್ಕೆ. ಮೇಜಿನ ಮೇಲೆ, ಮೇಜಿನ ಕೆಳಗೆ, ನಡೆಯುವ ದಾರಿಯಲ್ಲಿ, ಅವನ ಅಡುಗೆಮನೆಯಲ್ಲಿ, ಸ್ನಾನದ ತೊಟ್ಟಿಯಲ್ಲಿ. ಉಳಿದವನ್ನು ಅಲ್ಲೇ ಬಿಟ್ಟ. ಬಿಡುವಾಗ ಅವುಗಳ ಕಡೆ ನೋಡಲಿಲ್ಲ.

“ಸ್ನಾನ ಎಲ್ಲಿ ಮಾಡ್ತೀಯೋ?”

“ಮಾಡಲ್ಲ. ಗಿಡಕ್ಕೆ ನನ್ನ ವಾಸನೆ ಅಭ್ಯಾಸ ಇದೆ. ನಿಂಗೆ ಇಲ್ಲಾಂದ್ರೆ ದೂರ ನಿಂತ್ಕೋ.”

ಹೊಸ ತಾರೀಕನ್ನು ಅವನೇ ಅಂಗಡಿಯಲ್ಲಿ ಯಾರ ಬಾಯಲ್ಲೋ ಕೇಳಿದ್ದನಂತೆ. “ಜರ್ಮನ್ನರೂ ತಡ ಮಾಡೋಕೆ ಕಲಿತ್ರಲ್ಲ” ಎಂದ. ನನ್ನ ಮೇಲೆ ಕೋಪ? ಎಳ್ಳಷ್ಟೂ ಇಲ್ಲ! ಪಾಪ ಆಸ್ಗರ್ ಏನು ಮಾಡ್ತಾನೆ, ಬಿಡಿಭಾಗ ಬರದಿದ್ರೆ — ಹೀಗೇ ಎಲ್ಲರಿಗೂ ಹೇಳಿದ್ದಾನಂತೆ. ನನ್ನ ಪರವಾಗಿ ವಾದ ಮಾಡಿದ್ದಾನೆ. ಅಯ್ಯೋ, ಮಾಡಬಾರದಿತ್ತು.

ಬಿಸಿ ಹದಿನೆಂಟರಿಂದ ಹತ್ತಕ್ಕೆ ಇಳಿಸಿದ. ಗಾಜಿನಿಂದ ನೀರು ತೊಟ್ಟಿಕ್ಕುತ್ತಿತ್ತು. “ತಣ್ಣಗಾದ್ರೆ ಸಾಯಲ್ಲ ಇವು. ತಣ್ಣಗಾಗಿ ತೇವ ಆದ್ರೆ ಬೂಷ್ಟು ಹಿಡಿಯುತ್ತೆ. ಬೂದಿ ಬಣ್ಣದ ಬೂಷ್ಟು. ಒಂದಕ್ಕೆ ಬಂದ್ರೆ ಮುಗೀತು.” ಒಂದೊಂದೇ ಎಲೆ ಬಟ್ಟೆಯಿಂದ ಒರೆಸಿದ. ಸಾವಿರಾರು ಎಲೆ. ನಾನೂ ಒರೆಸಿದೆ. ಆರು ಗಂಟೆ ಹೊತ್ತು ಜೊತೆಗಿದ್ದೆ, ಹೇಳಲಿಲ್ಲ.

ಮನೆಯಲ್ಲಿ ಡೋರ್ಟೆ: “ಯಂತ್ರ ಕೆಟ್ಟಿದ್ರೆ ಮೂರು ಹೊತ್ತೂ ಅದರ ಹೊಟ್ಟೆಯೊಳಗೇ ಇರೋನು ನೀನು. ಈ ಸಲ ಕೈಗೆ ಗ್ರೀಸೇ ಅಂಟಿಲ್ಲ.”

ಕೈ ತೊಳೆಯಲು ಹೋದೆ. ತೊಳೆಯುವಂಥದ್ದು ಏನೂ ಇರಲಿಲ್ಲ.

ಫೆಬ್ರುವರಿ 5, ಬುಧವಾರ. ಮಧ್ಯಾಹ್ನ 1.20

ಮಾಡಿದೆ!

ಬೆಳಿಗ್ಗೆ ಮೈನಸ್ ಹನ್ನೊಂದು. ಹನ್ನೊಂದು ಐವತ್ತೆರಡಕ್ಕೆ ಕೂತೆ. ಸೊನ್ನೆ ಅಳಿಸಿದೆ. ಇಪ್ಪತ್ತನಾಲ್ಕು ಗಂಟೆಗೂ ಪೂರ್ತಿ ಶಕ್ತಿ, ಬರೀ ಹುಲ್ಲಿನ ಖರ್ಚಿನ ಬೆಲೆಗೆ. ಸೂಚನೆ: “ದೋಷ ನಿವಾರಣೆಯಾಗಿದೆ.” ಒತ್ತಿದೆ. 

ಹನ್ನೆರಡು ಐವತ್ತಕ್ಕೆ ಸಿಸೆಲ್. ಜೇನು ಸೋರಿ ಹೋಗಿತ್ತು. “ಆಸ್ಗರ್, ಇದೇನು ಮಾಡಿದ್ರಿ? ವಾಪಸ್ ತಗೊಳ್ಳಿ!”

“ಸಂತೆ ಮುಚ್ಚಿತಲ್ಲ. ಮಾರಿದ ಕರೆಂಟನ್ನ ಕೊಡ್ಲೇಬೇಕು. ನೀವೇ ಕಲಿಸಿದ್ದು.”

ಫೋನು ಕುಕ್ಕಿದಳು. ನಾನು ಬೆಂಕಿ ಹಚ್ಚಲು ಹೊರಟೆ. ಏಳು, ಏಳು, ನನ್ನಪ್ಪಾ!

ಫೆಬ್ರುವರಿ 6, ಗುರುವಾರ

ಎದ್ದಿತು. ಬೆಳಗಾಗುವಷ್ಟರಲ್ಲಿ ಚಿಮಣಿಯಿಂದ ಬಿಳಿ ಆವಿ ಕೋಟೆಯಂತೆ ನಿಂತಿತ್ತು. ಊರೆಲ್ಲ ನೋಡಿರಬೇಕು.

ಎಂಟಕ್ಕೆ ಬಾಗಿಲು ದಡಾರನೆ ತೆರೆಯಿತು. ಟೋರ್ಕಿಲ್. ಸೈಕಲ್ಲಿನಲ್ಲಿ ಬಂದಿದ್ದ, ಗಡ್ಡದಲ್ಲಿ ಹಿಮ. ಕೈಯಲ್ಲಿ ಬೇಕರಿಯ ದೊಡ್ಡ ಪೊಟ್ಟಣ, ದಾರ ಕಟ್ಟಿದ್ದು.

“ಎಲ್ಲಿ ಜರ್ಮನ್ನರು? ಮಲಗಿಬಿಟ್ರಾ? ಎಬ್ಬಿಸು! ಹನ್ನೆರಡು ವೀನರ್‌ಬ್ರೆಡ್ ತಂದಿದ್ದೀನಿ, ಬಿಸಿ ಇದೆ. ಮೊದಲನೇ ಮನೆ ಇನ್ನೂ ನಿಂತಿದೆ ಕಣೋ! ನಾಲ್ಕು ಸಾವಿರ ಕುಂಡ! ಹಳೇ ದರ ಬಂದ್ರೆ ಉಳಿಸ್ಕೋತೀನಿ!”

 ಅವನು ಸುತ್ತ ನೋಡಿದ. ಬೆಳ್ಳಗಿನ ನೆಲ. ಒಂದು ಪೆಟ್ಟಿಗೆಯಿಲ್ಲ, ಒಂದು ಎಣ್ಣೆಯ ಕಲೆಯಿಲ್ಲ. ನಗುನಗುತ್ತಲೇ ಟರ್ಬೈನಿನ ಕಡೆ ನಡೆದ. ಹೊಸ ಬೇರಿಂಗ್ ನೋಡಬೇಕಿತ್ತು ಅವನಿಗೆ. ಅಧ್ಯಕ್ಷನಾಗಿದ್ದವನು, ಯಾವುದು ಎಲ್ಲಿದೆ ಗೊತ್ತು.

ಇಲ್ಲಿ ನಮ್ಮದೊಂದು ಪದ್ಧತಿ. ಬೋಲ್ಟ್ ಬಿಗಿ ಮಾಡಿದವನು ಅದರ ಪಕ್ಕ ಸೀಮೆಸುಣ್ಣದಲ್ಲಿ ತಾರೀಕು, ಹೆಸರಿನ ಮೊದಲ ಅಕ್ಷರ ಬರೆಯಬೇಕು. ಬೇರಿಂಗಿನ ಮೇಲೆ ಧೂಳು. ಧೂಳಿನ ಕೆಳಗೆ ನನ್ನ ಕೈಬರಹ. ನವೆಂಬರ್ 19. ಆ.

ಅವನು ಬೆರಳಿನಿಂದ ಧೂಳು ಒರೆಸಿದ. ಓದಿದ. ಬಹಳ ಹೊತ್ತು ಓದಿದ. ಅಷ್ಟು ಉದ್ದದ ಬರಹವಲ್ಲ ಅದು.

“ಇದು ಕೆಟ್ಟಿದ್ದು ಯಾವಾಗ, ಆಸ್ಗರ್?”

“ಕೆಟ್ಟೇ ಇರ್ಲಿಲ್ಲ.”

ಯಂತ್ರದ ಸದ್ದು. ಆ ಸದ್ದು ನನಗೆ ಮೊದಲ ಸಲ ಅಸಹ್ಯವಾಯಿತು.

“ಹತ್ತು ದಿನ ಅಂದ್ಯಲ್ಲ.”

“ನೋಟೀಸಲ್ಲಿ ಹಾಗಿತ್ತು. ಅದಕ್ಕಿಂತ ಹೆಚ್ಚು ಹೇಳೋ ಹಾಗಿರ್ಲಿಲ್ಲ. ಕಾನೂನು ಇದೆ, ಟೋರ್ಕಿಲ್, ನಾನು ಸಹಿ—”

“ನಾನು ನೋಟೀಸನ್ನ ಕೇಳ್ಲಿಲ್ಲ ಕಣೋ” ಎಂದ. ಕೂಗಲಿಲ್ಲ. ಕೂಗಿದ್ದರೆ ಬದುಕಿಕೊಳ್ಳುತ್ತಿದ್ದೆ. “ನಿನ್ನನ್ನ ಕೇಳ್ದೆ.”

ಪೊಟ್ಟಣ ಮೇಜಿನ ಮೇಲಿಟ್ಟ. ದಾರ ಬಿಚ್ಚಲಿಲ್ಲ. ಹೋದ. ಸೈಕಲ್ ಹತ್ತಲಿಲ್ಲ, ತಳ್ಳಿಕೊಂಡು ಹೋದ.

ಫೆಬ್ರುವರಿ 7, ಶುಕ್ರವಾರ

ಸ್ಥಾವರದ ಕಂಪ್ಯೂಟರ್ ನನ್ನ ಪಾಸ್‌ವರ್ಡ್ ತೆಗೆದುಕೊಳ್ಳಲಿಲ್ಲ. ನನ್ನನ್ನು “ತನಿಖೆ ಮುಗಿಯುವವರೆಗೆ” ಮನೆಗೆ ಕಳಿಸಿದರು. ಯಂತ್ರವನ್ನು ಕೋಪನ್‌ಹೇಗನ್‌ನಿಂದಲೇ ನಿಲ್ಲಿಸಿದರು. ಒಂದು ದಿನ ಓಡಿತು. ಒಂದೇ ದಿನ. ಹೊಸ ಸೂಚನೆ: “ದೋಷ ಮರುಕಳಿಸಿದೆ.” ಕೆಳಗೆ ಬೇರೆ ಯಾರದೋ ಹೆಸರು.

ಎಲ್ಲವನ್ನೂ ಡೋರ್ಟೆಗೆ ಹೇಳಿದೆ. ಕೇಳಿದಳು. “ಅವನಿಗೆ ಹದಿನಾಲ್ಕನೇ ತಾರೀಕೇ ಹೇಳಿದ್ರೆ ಏನಾಗ್ತಿತ್ತು?”

“ಕೆಲಸ ಹೋಗ್ತಿತ್ತು.”

“ಈಗ?”

ಫೆಬ್ರುವರಿ 11, ಮಂಗಳವಾರ

ಕರೆಂಟಿನ ಸಂತೆ ಕಾಯುವ ಕಚೇರಿಗೆ ಫೋನು ಮಾಡಿದೆ. ಒಬ್ಬ ಯುವಕ, ಬಹಳ ಸಭ್ಯ. ಎಲ್ಲ ಬರೆದುಕೊಂಡ. ಯಾವ ದಿನ, ಯಾವ ಗಂಟೆ, ಎಷ್ಟು ಮೆಗಾವಾಟ್. ಟೋರ್ಕಿಲ್‌ನ ಗಿಡದ ವಿಷಯಕ್ಕೆ ಬಂದಾಗ ಪೆನ್ನು ನಿಂತ ಸದ್ದು ಕೇಳಿಸಿದ ಹಾಗಾಯಿತು.

“ಬಿಸಿನೀರು ನಮ್ಮ ವ್ಯಾಪ್ತಿಗೆ ಬರಲ್ಲ. ನಾವು ಕರೆಂಟು ಮಾತ್ರ.”

ಬಿಸಿನೀರಿನ ಕಚೇರಿಗೆ ಮಾಡಿದೆ. ಒಬ್ಬ ಹೆಂಗಸು, ಅವಳೂ ಸಭ್ಯಳೇ.

“ಗ್ಯಾಸ್ ಖರ್ಚು ನಿಜವಾಗ್ಲೂ ಆಗಿದೆಯಾ?”

“ಆಗಿದೆ.”

“ಹಾಗಾದ್ರೆ ದರ ಸರಿಯಾಗೇ ಇದೆ. ಯಂತ್ರ ಯಾಕೆ ನಿಂತಿತು ಅನ್ನೋದು ಕರೆಂಟಿನವರ ವಿಷಯ.”

ಭೇಷ್! ಒಂದೇ ಬೆಂಕಿಯ ಅವಳಿ ಮಕ್ಕಳಿಗೆ ಎರಡು ಊರಿನಲ್ಲಿ ಇಬ್ಬರು ಪೋಷಕರು. ಇಬ್ಬರೂ ಸಭ್ಯರು. ಟೋರ್ಕಿಲ್ ಅವರಿಬ್ಬರ ನಡುವಿನ ಸಂದಿಯಲ್ಲಿ ಬಿದ್ದ. ತಳ್ಳಿದ ಕೈ?

ಕಡೆಗೆ ಯುವಕನೇ ವಾಪಸು ಫೋನು ಮಾಡಿದ. “ಒಂದು ವಿಷಯ. ಜನವರಿಯ ಸೂಚನೆಗಳಲ್ಲಿ ಇರೋ ಹೆಸರು ನಿಮ್ಮದೇ ಅಲ್ವಾ?”

ನನ್ನದೇ ಎಂದೆ. ಬರೆದುಕೊಂಡ.

ಫೆಬ್ರುವರಿ 14, ಶುಕ್ರವಾರ

ಬೂಷ್ಟು ಬಂತು. ಅಂಗಡಿಯವಳು ಹೇಳಿದಳು.

ಹೋದೆ. ಗೇಟಿನ ಒಳಗೆ ಕಾಲಿಡಲಿಲ್ಲ. ಟೋರ್ಕಿಲ್ ಕೈಗಾಡಿಯಲ್ಲಿ ಗಿಡ ತಂದು ಗೊಬ್ಬರದ ಗುಂಡಿಗೆ ಸುರಿಯುತ್ತಿದ್ದ. ಪ್ರತಿಯೊಂದನ್ನೂ ಮೊದಲು ಕುಂಡದಿಂದ ಬಿಡಿಸುತ್ತಿದ್ದ, ಬೇರಿಗೆ ನೋವಾಗದ ಹಾಗೆ, ಹೊಸ ಕುಂಡಕ್ಕೆ ನೆಡುವವನ ಹಾಗೆ. ಆಮೇಲೆ ಎಸೆಯುತ್ತಿದ್ದ. ಮೊಗ್ಗು ಆಗಲೇ ಕಣ್ಣು ಬಿಟ್ಟಿತ್ತು. ಎಲೆಗಳ ನಡುವೆ ತಿಳಿ ಹಸಿರು ಗುಂಡಿನಂತೆ. ಅದರ ಮೇಲೆ ಬೂದಿ.

“ಟೋರ್ಕಿಲ್” ಎಂದೆ.

ಗಾಡಿ ತಿರುಗಿಸಿಕೊಂಡು ಒಳಗೆ ಹೋದ. ಮತ್ತೆ ತುಂಬಿಕೊಂಡು ಬಂದ. ಮತ್ತೆ ಹೋದ. ನಾನು ಅಲ್ಲಿಲ್ಲ ಅನ್ನುವ ಹಾಗೆ. ಅದು ನಟನೆಯಲ್ಲ. ನಾನು ನಿಜವಾಗಿ ಅಲ್ಲಿರಲಿಲ್ಲ, ಅವನಿಗೆ.

ಫೆಬ್ರುವರಿ 18, ಮಂಗಳವಾರ

ತಾಲೀಮು. ಜಮೀನ್ದಾರನ ಮಾತುಗಳನ್ನು ಗ್ರಂಥಾಲಯದವನು ಪುಸ್ತಕ ಹಿಡಿದು ಓದಿದ. ಆಳಿನ ಮಾತು ನನಗೆ ನೆನಪಾಗಲಿಲ್ಲ. ಎಲ್ಲರೂ ಕಾದರು. ಇಳಿದು ಮನೆಗೆ ಬಂದೆ.

ಚಳಿ ಇಳಿದಿದೆ. ಸೊನ್ನೆಯ ಮೇಲೆ ನಾಲ್ಕು. ಚಿಮಣಿಯಲ್ಲಿ ಆವಿ. ಯಂತ್ರ “ರಿಪೇರಿಯಾಗಿದೆ”. ತುರ್ತು ದರ ರದ್ದು.

ಫೆಬ್ರುವರಿ 25, ಮಂಗಳವಾರ

ಟೋರ್ಕಿಲ್ ತೋಟ ಮುಚ್ಚಿದ. ಬಿಸಿನೀರಿನ ಸಂಪರ್ಕ ಕಡಿದುಹಾಕಿ ಎಂದು ಸಂಘಕ್ಕೆ ಬರೆದುಕೊಟ್ಟ. ಕೊಳವೆಗಳು ಇವತ್ತಿಗೂ ಸಂಘದವೇ. ವಾಲ್ವ್ ಮುಚ್ಚಲು ಆ ಕೆಲಸ ಬಲ್ಲವನೊಬ್ಬ ಬೇಕು. ಅರ್ಜಿಯಲ್ಲೇ ಒಂದು ಸಾಲು ಸೇರಿಸಿದ್ದ: ಆಸ್ಗರ್ ಬರಲಿ.

ಹೋದೆ. ಅವನು ಮೊದಲನೇ ಗಾಜಿನ ಮನೆಯ ಬಾಗಿಲಲ್ಲಿ ನಿಂತಿದ್ದ. ಮೇಜುಗಳೆಲ್ಲ ಖಾಲಿ, ತೊಳೆದಿಟ್ಟಿದ್ದ. ಕೈಯಿಂದ ರಸ್ತೆಬದಿಯ ಮುಚ್ಚಳ ತೋರಿಸಿದ. ಎಲ್ಲಿದೆ ಅಂತ ನನಗೆ ಗೊತ್ತಿಲ್ಲವೇ! ಅದನ್ನು ಹೂಳಿದ ದಿನ ಗುಂಡಿ ಅಗೆದವರು ನಾವಿಬ್ಬರೇ.

ಮಂಡಿಯೂರಿದೆ. ತಿರುಗಿಸತೊಡಗಿದೆ. ಮೊದಲ ಸುತ್ತುಗಳಲ್ಲಿ ಏನೂ ಬದಲಾಗುವುದಿಲ್ಲ. ಆರನೇ ಸುತ್ತಿನ ಹೊತ್ತಿಗೆ ನೀರು ಕಿರಿದಾದ ಜಾಗದಲ್ಲಿ ಹಾಡಲು ಶುರುಮಾಡುತ್ತದೆ. ಒಂಬತ್ತರಲ್ಲಿ ಆ ಹಾಡು ಕಿರುಚಾಟವಾಗುತ್ತದೆ. ಹನ್ನೊಂದರಲ್ಲಿ ನಿಲ್ಲುತ್ತದೆ.

ನಿಂತಿತು.

ಟೋರ್ಕಿಲ್ ಹತ್ತಿರ ಬಂದ. ಹತ್ತೊಂಬತ್ತು ದಿನಗಳ ನಂತರ ಅವನ ದನಿ. “ಮುಚ್ಚಿತಾ?”

“ಮುಚ್ಚಿತು.”

“ಪೂರ್ತಿ?”

“ಪೂರ್ತಿ. ಬೇಕಾದ್ರೆ ಮುಟ್ಟಿ ನೋಡು.”

ಅವನು ಬಗ್ಗಿ ಕೊಳವೆ ಮುಟ್ಟಲಿಲ್ಲ. ನನ್ನ ಮುಖವನ್ನೇ ನೋಡಿದ. ನೋಡುತ್ತಲೇ ಇದ್ದ. ಆಮೇಲೆ, ಬಹಳ ಮೆಲ್ಲಗೆ, “ಈಗ ಬೂಟು ತೆಗೆದು ಒಳಗೆ ಬಾ” ಎಂದನೋ, “ಈಗ ಹೋಗು” ಎಂದನೋ — ಹೋಗು ಎಂದ. ಸರಿಯಾಗೇ ಕೇಳಿಸಿತು. ಇಲ್ಲಿಯೂ ಬೇರೇನೋ ಬರೆಯಲು ಹೊರಟಿದ್ದೆನಲ್ಲ, ಯಾರೂ ಓದದ ಈ ದಿನಚರಿಯಲ್ಲಿ.